ಆರು ಸೀಸೆ ಸಿಟ್ರಸ್ ಎಣ್ಣೆ: ಲಿಮೊನೀನ್ ಕಳೆದರೆ ಉಳಿಯುವುದೇನು?

ಸಿಹಿ ಕಿತ್ತಳೆ, ಲೆಮನ್, ಲೈಮ್, ಗ್ರೇಪ್‌ಫ್ರೂಟ್, ಮ್ಯಾಂಡರಿನ್, ಬರ್ಗಮಾಟ್. ಹತ್ತು ಹತ್ತು ಮಿಲಿಲೀಟರಿನ ಆರು ಕಂದು ಸೀಸೆ, ಮೇಲೊಂದು ಪೆಟ್ಟಿಗೆ, ಜೊತೆಗೆ ಸೀಸೆಗೊಂದರಂತೆ ಲ್ಯಾಬ್ ವರದಿ. ಎಸೆನ್ಷಿಯಲ್ ಆಯಿಲ್ ಮಾರುವವರ ಬಳಿ ಇಂಥದೊಂದು ಸೆಟ್ ಇಲ್ಲದಿರುವುದು ಅಪರೂಪ. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ವಿಮರ್ಶೆಯಲ್ಲ, ಸೆಟ್ಟಿನೊಳಗಿನ ಆರು ಎಣ್ಣೆಗಳ ವಿಮರ್ಶೆ. ಯಾವುದರಲ್ಲಿ ಏನಿರಬೇಕು, ಎಷ್ಟಿರಬೇಕು, ಯಾವುದು ಬೇಗ ಕೆಡುತ್ತದೆ, ಯಾವುದನ್ನು ಅಳತೆ ಮೀರಿ ಹಚ್ಚಿದರೆ ಚರ್ಮ ಸುಡುತ್ತದೆ, ಯಾವುದಕ್ಕೆ ಕೊಟ್ಟ ದುಡ್ಡು ದಂಡ ಎಂಬುದಷ್ಟೇ ಇಲ್ಲಿನ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಆರರಲ್ಲಿ ಹೆಚ್ಚು ಯೋಚಿಸದೆ ಕೊಳ್ಳಬಹುದಾದದ್ದು ಸಿಹಿ ಕಿತ್ತಳೆ ಒಂದೇ. ಲೆಮನ್ ಒಳ್ಳೆಯದು, ಆಯುಸ್ಸು ಕಡಿಮೆ. ಮ್ಯಾಂಡರಿನ್‌ಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ. ಲೈಮ್ ಹಿಂಡಿದ್ದೋ ಬಟ್ಟಿ ಇಳಿಸಿದ್ದೋ ಎಂದು ಕೇಳದೆ ತೆಗೆದುಕೊಂಡರೆ ಬೇಕಾದದ್ದು ಬಿಟ್ಟು ಬೇರೆಯೇ ಎಣ್ಣೆ ಕೈಗೆ ಬರಬಹುದು. ಗ್ರೇಪ್‌ಫ್ರೂಟ್ ಬೆಲೆಗೆ ತಕ್ಕಷ್ಟು ಕೊಡುವುದಿಲ್ಲ. ಬರ್ಗಮಾಟ್ ಆರರಲ್ಲೇ ಚೆಂದದ್ದು; ಕಲಬೆರಕೆಯ ಅನುಮಾನವೂ ಅಪಾಯವೂ ಹೆಚ್ಚಿರುವುದು ಅದರಲ್ಲೇ.

ಈ ತೀರ್ಪಿನ ಹಿಂದಿರುವುದು ಒಂದೇ ಲೆಕ್ಕ. ಸಿಟ್ರಸ್ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಇರುವುದು ಲಿಮೊನೀನ್. ಹತ್ತು ಇಂಗಾಲ, ಹದಿನಾರು ಹೈಡ್ರೋಜನ್ ಪರಮಾಣುಗಳ ಈ ಟರ್ಪೀನ್ 176 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುವ ತೆಳು ದ್ರವ. ಹಣ್ಣಿನ ರಸದ ಕಾರ್ಖಾನೆಗಳಲ್ಲಿ ಉಪಉತ್ಪನ್ನವಾಗಿ ಟನ್‌ಗಟ್ಟಲೆ ಬರುವುದರಿಂದ ಎಣ್ಣೆಯ ಅತಿ ಅಗ್ಗದ ಭಾಗವೂ ಇದೇ. ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ‘ಲಿಮೊನೀನ್ 95%’ ಎಂದಿದ್ದರೆ ಅದು ಕಿತ್ತಳೆ ಜಾತಿಯ ಎಣ್ಣೆ ಇರಬಹುದು ಎಂದಷ್ಟೇ ಅರ್ಥ, ಒಳ್ಳೆಯ ಎಣ್ಣೆ ಎಂದಲ್ಲ. ಗ್ರೀಸ್ ತೆಗೆಯಲು ಮಾರುವ ಲಿಮೊನೀನ್ ದ್ರಾವಕದ ಡಬ್ಬದ ಮೇಲೂ ಅದೇ ಅಂಕಿ ಇರಬಹುದು. ವಾಸನೆಯನ್ನು ಹಣ್ಣಿನ ಕಡೆಗೆ ಎಳೆಯುವುದು, ಬಿಸಿಲಿನಲ್ಲಿ ಚರ್ಮ ಸುಡಿಸುವುದು, ಬೆಲೆ ಏರಿಸುವುದು, ಇವೆಲ್ಲ ಉಳಿದ ಪಾಲಿನ ಕೆಲಸ. ಎಣ್ಣೆ ಹಳಸುವುದರಲ್ಲಿ ಮಾತ್ರ ಲಿಮೊನೀನ್‌ನದೂ ದೊಡ್ಡ ಪಾಲಿದೆ.

ಇನ್ನೊಂದು ವಿಷಯ. ಈ ಎಣ್ಣೆಗಳಲ್ಲಿ ಹೆಚ್ಚಿನವು ಬಟ್ಟಿ ಇಳಿಸಿದವಲ್ಲ. ಸಿಪ್ಪೆಯ ಹೊರಪದರದಲ್ಲಿರುವ ಎಣ್ಣೆಚೀಲಗಳನ್ನು ಯಂತ್ರದಲ್ಲಿ ಕೆರೆದು ಅಥವಾ ಒತ್ತಿ ಒಡೆದು, ಚಿಮ್ಮಿದ ಎಣ್ಣೆಯನ್ನು ನೀರಿನಲ್ಲಿ ತೊಳೆದು ಹಿಡಿದು, ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸುತ್ತಾರೆ. ಕೋಲ್ಡ್ ಪ್ರೆಸ್ ಎನ್ನುವುದು ಇದನ್ನೇ. ಬಟ್ಟಿಯಲ್ಲಿ ಆವಿಯಾಗುವುದಷ್ಟೇ ಮೇಲೇರುತ್ತದೆ. ಹಿಂಡಿದ ಎಣ್ಣೆಯಲ್ಲಿ ಆವಿಯಾಗದ್ದೂ ಸೇರಿಕೊಳ್ಳುತ್ತದೆ: ಮೇಣ, ಹಳದಿ-ಕಿತ್ತಳೆ ಬಣ್ಣದ ಕೆರೊಟಿನಾಯ್ಡ್‌ಗಳು, ಕುಮರಿನ್‌ಗಳು, ಬಿಸಿಲಿನಲ್ಲಿ ಚರ್ಮ ಸುಡಿಸುವ ಫ್ಯುರಾನೊಕುಮರಿನ್‌ಗಳು, ನೊಬಿಲೆಟಿನ್ ಮತ್ತು ಟಾಂಜೆರೆಟಿನ್‌ನಂಥ ಫ್ಲೇವೊನ್‌ಗಳು. ಕಿತ್ತಳೆ ಎಣ್ಣೆಯನ್ನು ಪೂರ್ತಿ ಆವಿ ಮಾಡಿದರೆ ತೂಕದಲ್ಲಿ 1ರಿಂದ 5 ಶೇಕಡಾ ಶೇಷ ಉಳಿಯಬೇಕು, ಲೆಮನ್‌ನಲ್ಲಿ ಸುಮಾರು 1.8ರಿಂದ 3.6. ಏನೂ ಉಳಿಯದಿದ್ದರೆ ಅದು ಹಿಂಡಿದ ಎಣ್ಣೆಯಲ್ಲ. ತೀರಾ ಹೆಚ್ಚು ಉಳಿದರೆ ಅಡುಗೆ ಎಣ್ಣೆಯಂಥದೇನೋ ಸೇರಿದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನಂಬಬಹುದಾದದ್ದು ತೂಕ. 0.01 ಗ್ರಾಂ ತೋರಿಸುವ ತಕ್ಕಡಿ, 5 ಮಿಲಿಲೀಟರಿನ ಗಾಜಿನ ಸಿರಿಂಜ್ ಇದ್ದರೆ ಸಾಕು. 20 ಡಿಗ್ರಿಯಲ್ಲಿ 5 ಮಿಲಿಲೀಟರ್ ಸಿಹಿ ಕಿತ್ತಳೆ 4.21ರಿಂದ 4.25 ಗ್ರಾಂ ತೂಗಬೇಕು, ಲೆಮನ್ 4.25ರಿಂದ 4.29, ಬರ್ಗಮಾಟ್ 4.38ರಿಂದ 4.42. ಕೋಣೆ ಹತ್ತು ಡಿಗ್ರಿ ಬೆಚ್ಚಗಿದ್ದರೆ ತೂಕ ಹತ್ತಿರಹತ್ತಿರ ಒಂದು ಶೇಕಡಾ ಇಳಿಯುತ್ತದೆ. ಅಡುಗೆ ಎಣ್ಣೆ ಬೆರೆತಿದ್ದರೆ ಸಂಖ್ಯೆ 4.6ರ ಕಡೆಗೆ ಸರಿಯುತ್ತದೆ, ಬೆರಕೆ ದೊಡ್ಡದಿದ್ದರೆ ಇದರಲ್ಲೇ ಸಿಕ್ಕಿಬೀಳುತ್ತದೆ. ಟರ್ಪೆಂಟೈನ್ ಬೆರೆಸಿದ್ದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ, ಅದರ ಸಾಂದ್ರತೆ ಹೆಚ್ಚುಕಡಿಮೆ ಲೆಮನ್ ಎಣ್ಣೆಯಷ್ಟೇ. ಕಾಗದದ ಮೇಲೆ ಹನಿ ಹಾಕಿ ಕಲೆ ನೋಡುವ ಜನಪ್ರಿಯ ಪರೀಕ್ಷೆ ಸಿಟ್ರಸ್ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಮೇಣ, ಬಣ್ಣ ಇರುವ ಅಪ್ಪಟ ಎಣ್ಣೆಯೂ ತೆಳು ಹಳದಿ ಗುರುತು ಬಿಡುತ್ತದೆ. ಮರುದಿನವೂ ಕಾಗದ ಜಿಡ್ಡಾಗಿ, ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಂಡರೆ ಮಾತ್ರ ಅನುಮಾನಿಸಬೇಕು.

ಸಿಹಿ ಕಿತ್ತಳೆ

ವೈಜ್ಞಾನಿಕ ಹೆಸರು ಸಿಟ್ರಸ್ ಸೈನೆನ್ಸಿಸ್. ಲೇಬಲ್ಲಿನಲ್ಲಿ ಇದನ್ನು ನೋಡಿಯೇ ಕೊಳ್ಳಬೇಕು, ಏಕೆಂದರೆ ಕಿತ್ತಳೆ ಎಂದಷ್ಟೇ ಬರೆದ ಸೀಸೆಯಲ್ಲಿ ಕಹಿ ಕಿತ್ತಳೆ, ಅಂದರೆ ಸಿಟ್ರಸ್ ಆರಂಟಿಯಮ್ ಇದ್ದರೆ ಚರ್ಮದ ಮೇಲಿನ ಮಿತಿಯೇ ಬೇರೆ.

ಲಿಮೊನೀನ್ 93ರಿಂದ 96 ಶೇಕಡಾ, ಮಿರ್ಸೀನ್ 2ರ ಆಸುಪಾಸು, ಆಲ್ಫಾ-ಪೈನೀನ್ ಅರ್ಧ, ಸ್ವಲ್ಪ ಸ್ಯಾಬಿನೀನ್, ಸ್ವಲ್ಪ ಲಿನಾಲೂಲ್. ಸಿಪ್ಪೆ ಸುಲಿದಾಗ ಬರುವ ಆ ಸಿಹಿ, ತುಸು ಮೇಣದಂಥ ವಾಸನೆ ಮಾತ್ರ ಅಲ್ಡಿಹೈಡ್‌ಗಳದ್ದು: ಆಕ್ಟನಾಲ್, ಡೆಕನಾಲ್, ಜೊತೆಗೆ ತೀರಾ ಕಡಿಮೆ ಪ್ರಮಾಣದ ಸೈನೆನ್ಸಾಲ್‌ಗಳು. ಡೆಕನಾಲ್ ಇರುವುದೇ 0.1ರಿಂದ 0.4 ಶೇಕಡಾ. ಸಗಟು ವ್ಯಾಪಾರದಲ್ಲಿ ಕಿತ್ತಳೆ ಎಣ್ಣೆಗೆ ಬೆಲೆ ಕಟ್ಟುವಾಗ ಒಟ್ಟು ಅಲ್ಡಿಹೈಡನ್ನು ಡೆಕನಾಲ್ ಲೆಕ್ಕದಲ್ಲಿ ಕೇಳುವುದು ಇದಕ್ಕಾಗಿಯೇ. ವರದಿಯಲ್ಲಿ ಡೆಕನಾಲ್ ಸಾಲೇ ಇಲ್ಲದಿದ್ದರೆ, ಅಥವಾ ಲಿಮೊನೀನ್ 97 ದಾಟಿದ್ದರೆ, ಎಣ್ಣೆಗೆ ಬರೀ ಲಿಮೊನೀನ್ ಸುರಿದು ಹಿಗ್ಗಿಸಿರುವ ಸಾಧ್ಯತೆ ಇದೆ. ಮೂಗಿಗೆ ಆ ಎಣ್ಣೆ ಶುಚಿಯಾಗಿರುತ್ತದೆ, ಆದರೆ ಬೋಳು.

ಹಿಂಡಿದ ಸಿಹಿ ಕಿತ್ತಳೆಗೆ ಬಿಸಿಲಿನ ಅಪಾಯವಿಲ್ಲ. ಇಷ್ಟು ಸುಲಭವಾಗಿ ಬಳಸಬಹುದಾದ ಎಣ್ಣೆ ಸೆಟ್ಟಿನಲ್ಲಿ ಮ್ಯಾಂಡರಿನ್ ಬಿಟ್ಟರೆ ಇನ್ನೊಂದಿಲ್ಲ. ಹಾಗೆಂದು ಹಳತಾದರೆ ಅಲರ್ಜಿ ತರುವುದಿಲ್ಲ ಎಂದಲ್ಲ. ಆ ವಿಷಯ ಮುಂದೆ.

‘ಫೈವ್ ಫೋಲ್ಡ್’ ಎಂಬ ದುಬಾರಿ ಕಿತ್ತಳೆ ಎಣ್ಣೆಯೂ ಸಿಗುತ್ತದೆ. ನಿರ್ವಾತದಲ್ಲಿ ಟರ್ಪೀನ್‌ಗಳನ್ನು ಹಾರಿಸಿ 100 ಗ್ರಾಮನ್ನು 20 ಗ್ರಾಮಿಗೆ ಇಳಿಸಿದ ಎಣ್ಣೆ ಅದು. ಮೊದಲಿದ್ದ 5 ಗ್ರಾಂ ಲಿಮೊನೀನೇತರ ಭಾಗದಲ್ಲಿ ಮಿರ್ಸೀನ್, ಪೈನೀನ್‌ಗಳು ಹಾರಿಹೋಗಿ 2ರಿಂದ 3 ಗ್ರಾಂ ಉಳಿದರೂ ಹೊಸ ಎಣ್ಣೆಯಲ್ಲಿ ಅದರ ಪಾಲು 10ರಿಂದ 15 ಶೇಕಡಾಕ್ಕೆ ಏರುತ್ತದೆ. ಅಂದರೆ ಐದು ಪಟ್ಟಿನ ಎಣ್ಣೆಯಲ್ಲೂ ಲಿಮೊನೀನೇ 85ಕ್ಕಿಂತ ಹೆಚ್ಚು. ಕೋಣೆಗೆ ಪರಿಮಳ ಬೇಕಾದವರಿಗೆ ಇದು ಅನಗತ್ಯ. ಸೋಪು ಮಾಡುವವರಿಗೆ ಮಾತ್ರ ಉಪಯೋಗವಿದೆ.

ಲೆಮನ್

ಇಲ್ಲಿ ಲಿಮೊನೀನ್ 56ರಿಂದ 78 ಶೇಕಡಾಕ್ಕೆ ಇಳಿದು, ಬೀಟಾ-ಪೈನೀನ್ 7ರಿಂದ 17, ಗಾಮಾ-ಟರ್ಪಿನೀನ್ 6ರಿಂದ 12 ಶೇಕಡಾ ಆಕ್ರಮಿಸುತ್ತವೆ. ಲೆಮನ್ ಎಂದು ಮೂಗು ಗುರುತಿಸುವುದು ಇವುಗಳಲ್ಲಿ ಯಾವುದನ್ನೂ ಅಲ್ಲ, ಸಿಟ್ರಾಲ್ ಅನ್ನು. ಅದು ನೆರಾಲ್, ಜೆರೇನಿಯಾಲ್ ಎಂಬ ಎರಡು ರೂಪಗಳ ಜೋಡಿ. ವರದಿಯಲ್ಲಿ ಇವನ್ನು ಎರಡು ಪ್ರತ್ಯೇಕ ಸಾಲುಗಳಲ್ಲಿ ಹಾಕಿರುತ್ತಾರೆ: ನೆರಾಲ್ 0.3ರಿಂದ 1.5, ಜೆರೇನಿಯಾಲ್ 0.5ರಿಂದ 2.3. ಸಹಜ ಎಣ್ಣೆಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿರುತ್ತದೆ. ಇಲ್ಲಿನ ಜೆರೇನಿಯಾಲ್ ಅಲ್ಡಿಹೈಡ್. ಗುಲಾಬಿ ವಾಸನೆಯ, ಹೆಚ್ಚುಕಡಿಮೆ ಅದೇ ಉಚ್ಚಾರದ ಆಲ್ಕೊಹಾಲ್ ಬೇರೆ. ವರದಿ ಓದುವಾಗ ಈ ಗೊಂದಲ ಆಗಾಗ ಆಗುತ್ತದೆ. ನೆರಿಲ್ ಅಸಿಟೇಟ್, ಜೆರೇನಿಲ್ ಅಸಿಟೇಟ್ ಸ್ವಲ್ಪ ಸ್ವಲ್ಪ ಇರಬೇಕು. ಅವಿಲ್ಲದೆ ಸಿಟ್ರಾಲ್ ಮಾತ್ರ ಎತ್ತರಕ್ಕಿದ್ದರೆ, ಲೆಮನ್‌ಗ್ರಾಸ್‌ನಂಥ ಅಗ್ಗದ ಮೂಲದಿಂದ ಅಥವಾ ಕಾರ್ಖಾನೆಯಿಂದ ಬಂದ ಸಿಟ್ರಾಲ್ ಸೇರಿಸಿರಬಹುದು.

ಲೆಮನ್‌ನ ದೌರ್ಬಲ್ಯ ಗಾಮಾ-ಟರ್ಪಿನೀನ್. ಗಾಳಿ ತಗುಲಿದರೆ ಅದು ಪ್ಯಾರಾ-ಸೈಮೀನ್ ಆಗಿ ಬದಲಾಗುತ್ತದೆ, ಸೀಮೆಎಣ್ಣೆಯ ನೆರಳಿರುವ ವಾಸನೆ ಬರುತ್ತದೆ. ಹೊಸ ಎಣ್ಣೆಯಲ್ಲಿ ಪ್ಯಾರಾ-ಸೈಮೀನ್ ಒಂದು ಶೇಕಡಾಕ್ಕಿಂತ ಕಡಿಮೆ ಇರಬೇಕು. ಅದು ಮೂರು ನಾಲ್ಕಕ್ಕೆ ಏರಿದ್ದರೆ ಸೀಸೆಯ ಮೇಲಿನ ತಾರೀಕು ಏನೇ ಇರಲಿ, ಎಣ್ಣೆ ಹಳೆಯದು ಅಥವಾ ಬಿಸಿಯಲ್ಲಿ ಕೂತದ್ದು. ನಮ್ಮ ದೃಷ್ಟಿಯಲ್ಲಿ ಲೆಮನ್ ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಇದೇ. ಸಿಟ್ರಾಲ್ ಕೂಡ ಆಮ್ಲದ ಜೊತೆ ಬಾಳುವುದಿಲ್ಲ. ಹುಳಿ ದ್ರಾವಣದಲ್ಲಿ ಅದು ಒಡೆದು, ಕಾಲಕ್ರಮೇಣ ಪ್ಯಾರಾ-ಕ್ರಿಸಾಲ್‌ನಂಥ ಆಸ್ಪತ್ರೆ ವಾಸನೆಯ ವಸ್ತುಗಳಾಗುತ್ತದೆ. ವಿನಿಗರ್ ಆಧಾರದ ಕ್ಲೀನರ್‌ಗೆ ಲೆಮನ್ ಎಣ್ಣೆ ಹಾಕಿಟ್ಟರೆ ಕೆಲವು ವಾರಗಳಲ್ಲಿ ಪರಿಮಳ ತಿರುಗುವುದು ಈ ಕಾರಣಕ್ಕೆ. ಅಂಥದಕ್ಕೆ ಕಿತ್ತಳೆಯೇ ವಾಸಿ.

ಲೈಮ್, ಗ್ರೇಪ್‌ಫ್ರೂಟ್, ಮ್ಯಾಂಡರಿನ್

ಲೈಮ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಎಣ್ಣೆ ಮಾರಾಟವಾಗುತ್ತವೆ. ಹಿಂಡಿದ್ದರಲ್ಲಿ ಸಿಟ್ರಾಲ್ ಇದೆ, ಬೀಟಾ-ಪೈನೀನ್ ಧಾರಾಳವಾಗಿದೆ, ಹಸಿ ಸಿಪ್ಪೆಯ ಘಾಟು ಇದೆ. ಬಟ್ಟಿ ಇಳಿಸಿದ್ದನ್ನು ಸಾಂಪ್ರದಾಯಿಕವಾಗಿ ಹಣ್ಣನ್ನು ಜಜ್ಜಿ, ಅದರ ಹುಳಿ ರಸದ ಸಮೇತ ಕುದಿಸಿ ತೆಗೆಯುತ್ತಾರೆ. ಬಿಸಿ ಆಮ್ಲದಲ್ಲಿ ಸಿಟ್ರಾಲ್ ನಾಶವಾಗುತ್ತದೆ. ಪೈನೀನ್‌ನಂಥವು ನೀರು ಕೂಡಿಕೊಂಡು ಆಲ್ಫಾ-ಟರ್ಪಿನಿಯಾಲ್, ಟರ್ಪಿನೆನ್-4-ಆಲ್, 1,4-ಸಿನಿಯೋಲ್, ಟರ್ಪಿನೊಲೀನ್ ಆಗುತ್ತವೆ. ಕೋಲಾ ಪಾನೀಯಗಳ ಪರಿಚಿತ ಲೈಮ್ ಸುವಾಸನೆ ಈ ಎರಡನೆಯ ಬಗೆಯದು. ತಾಜಾ ಹಣ್ಣಿನ ವಾಸನೆ ನಿರೀಕ್ಷಿಸಿದವರಿಗೆ ನಿರಾಸೆ ಖಚಿತ. ಆದರೆ ಫ್ಯುರಾನೊಕುಮರಿನ್‌ಗಳು ಬಟ್ಟಿಯಲ್ಲಿ ಮೇಲೇರದ ಕಾರಣ ಬಿಸಿಲಿನ ಅಪಾಯ ಅದರಲ್ಲಿಲ್ಲ. ಸೆಟ್‌ಗಳಲ್ಲಿ ಯಾವುದೆಂದು ಹೇಳದೆ ಲೈಮ್ ಎಂದಷ್ಟೇ ಬರೆದಿದ್ದರೆ, ವರದಿಯಲ್ಲಿ ಸಿಟ್ರಾಲ್ ಹುಡುಕಿ: ಇದ್ದರೆ ಹಿಂಡಿದ್ದು, ಇಲ್ಲದೆ ಟರ್ಪಿನಿಯಾಲ್ ಕೆಲವು ಶೇಕಡಾ ಇದ್ದರೆ ಬಟ್ಟಿಯದು.

ಗ್ರೇಪ್‌ಫ್ರೂಟ್ ಅಂಕಿಗಳಲ್ಲಿ ಕಿತ್ತಳೆಯ ಅವಳಿ, ಲಿಮೊನೀನ್ 92ರಿಂದ 96. ವ್ಯತ್ಯಾಸ ಮಾಡುವುದು ಎರಡು ಸೂಕ್ಷ್ಮ ಘಟಕಗಳು. ಒಂದು ನೂಟ್‌ಕಟೋನ್, ಒಂದು ಶೇಕಡಾಕ್ಕಿಂತ ಕೆಳಗೆ. ಇನ್ನೊಂದು ಗಂಧಕವಿರುವ 1-ಪ್ಯಾರಾ-ಮೆಂಥೀನ್-8-ಥಯಾಲ್. ನೀರಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. ಮಾಮೂಲು ವರದಿಯಲ್ಲಿ ಈ ಥಯಾಲ್ ಕಾಣಿಸುವುದೇ ಇಲ್ಲ. ಹಾಗಾಗಿ ಗ್ರೇಪ್‌ಫ್ರೂಟ್ ಎಣ್ಣೆಯನ್ನು ಕಾಗದ ನೋಡಿ ಕೊಳ್ಳಲಾಗದು. ಕಿತ್ತಳೆ ಎಣ್ಣೆಗೆ, ವ್ಯಾಲೆನ್ಸೀನ್‌ನಿಂದ ತಯಾರಿಸಿದ ನೂಟ್‌ಕಟೋನ್ ಒಂದು ಚಿಟಿಕೆ ಸೇರಿಸಿದರೂ ಅಂಕಿಗಳು ಹೆಚ್ಚುಕಡಿಮೆ ಹೊಂದುತ್ತವೆ. ಕಿತ್ತಳೆಗಿಂತ ಹೆಚ್ಚು ಬೆಲೆ ಕೊಡುವಾಗ ಈ ಮಾತು ನೆನಪಿರಲಿ.

ಮ್ಯಾಂಡರಿನ್ ಬೇರೆಯೇ ಜೀವ. ಲಿಮೊನೀನ್ 65ರಿಂದ 75, ಗಾಮಾ-ಟರ್ಪಿನೀನ್ 16ರಿಂದ 22. ಅದರ ಮೇಲೆ ಅರ್ಧ ಶೇಕಡಾ ಆಸುಪಾಸಿನ ಮೀಥೈಲ್ ಎನ್-ಮೀಥೈಲ್ ಆಂಥ್ರನಿಲೇಟ್. ಸಾರಜನಕವಿರುವ ಈ ಎಸ್ಟರ್ ಎಣ್ಣೆಗೆ ದ್ರಾಕ್ಷಿ, ಹೂವು ಎರಡನ್ನೂ ನೆನಪಿಸುವ ಗಾಢತೆ ಕೊಡುತ್ತದೆ. ಆಲ್ಕೊಹಾಲಿನಲ್ಲಿ ತೆಳು ಮಾಡಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ನೀಲಿ ಹೊಳಪು ಕಾಣುತ್ತದೆ. ಕುಮರಿನ್‌ಗಳೂ ಹೊಳೆಯುವುದರಿಂದ ಇದನ್ನು ಪುರಾವೆ ಎನ್ನಲಾಗದು, ಸುಳಿವು ಎನ್ನಬಹುದು. ಗಾಮಾ-ಟರ್ಪಿನೀನ್ ಇಷ್ಟಿರುವುದರಿಂದ ಲೆಮನ್‌ನಂತೆ ಇದೂ ಬೇಗ ಹಳಸುತ್ತದೆ. ಹಸಿರು, ಹಳದಿ, ಕೆಂಪು ಮ್ಯಾಂಡರಿನ್ ಎಂದು ಮಾರುವುದು ಹಣ್ಣು ಕೊಯ್ದ ಹಂತಕ್ಕೆ ತಕ್ಕಂತೆ. ಕೊಳ್ಳುವುದಾದರೆ ಚಿಕ್ಕ ಸೀಸೆ.

ಬರ್ಗಮಾಟ್: ಇಲ್ಲಿ ಅವಸರ ಬೇಡ

ಇಟಲಿಯ ಕಲಾಬ್ರಿಯಾ ಪ್ರದೇಶ ಈ ಹಣ್ಣಿನ ಮುಖ್ಯ ತವರು. ಎಣ್ಣೆಯಲ್ಲಿ ಲಿಮೊನೀನ್ ಅರ್ಧಕ್ಕೂ ಕಡಿಮೆ, 30ರಿಂದ 45. ಲಿನಾಲಿಲ್ ಅಸಿಟೇಟ್ 22ರಿಂದ 36, ಲಿನಾಲೂಲ್ 3ರಿಂದ 15, ಗಾಮಾ-ಟರ್ಪಿನೀನ್ ಮತ್ತು ಬೀಟಾ-ಪೈನೀನ್ ತಲಾ 5ರಿಂದ 10. ಲ್ಯಾವೆಂಡರ್‌ನ ಮುಖ್ಯ ಘಟಕಗಳೂ ಅವೇ ಎರಡು, ಲಿನಾಲಿಲ್ ಅಸಿಟೇಟ್ ಮತ್ತು ಲಿನಾಲೂಲ್. ಬರ್ಗಮಾಟ್ ಹಣ್ಣಿನ ವಾಸನೆಗಿಂತ ಸುಗಂಧದ್ರವ್ಯದ ವಾಸನೆ ಎನಿಸುವುದು ಇದರಿಂದಲೇ.

ಸೊಗಸು ಕೊಡುವ ಈ ಎರಡು ಘಟಕಗಳೇ ಕಲಬೆರಕೆಗೂ ದಾರಿ. ಕಾರ್ಖಾನೆಯ ಲಿನಾಲಿಲ್ ಅಸಿಟೇಟ್, ಲಿನಾಲೂಲ್ ಅಗ್ಗ. ಕಿತ್ತಳೆಯಿಂದ ಬಂದ ಲಿಮೊನೀನ್ ಇನ್ನೂ ಅಗ್ಗ. ಮೂರನ್ನೂ ಅಂದಾಜಿನಲ್ಲಿ ಕಲಸಿದರೆ ಮಾಮೂಲು ಗ್ಯಾಸ್ ಕ್ರೊಮಟೊಗ್ರಫಿ ವರದಿ ಅಪ್ಪಟ ಬರ್ಗಮಾಟ್‌ನಂತೆಯೇ ಕಾಣಬಹುದು. ಹಿಡಿಯುವ ದಾರಿ ಕೈರಲ್ ಕಾಲಮ್: ಒಂದೇ ಅಣುವಿನ, ಕನ್ನಡಿಯ ಬಿಂಬದಂತಿರುವ ಆರ್ ಮತ್ತು ಎಸ್ ರೂಪಗಳನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಬರ್ಗಮಾಟ್ ಹಣ್ಣು ಈ ಎರಡನ್ನೂ ಬಹುತೇಕ ಸಂಪೂರ್ಣವಾಗಿ ಆರ್ ರೂಪದಲ್ಲೇ ತಯಾರಿಸುತ್ತದೆ. ಕಾರ್ಖಾನೆಯದ್ದರಲ್ಲಿ ಆರ್ ಮತ್ತು ಎಸ್ ರೂಪಗಳು ಸಮಸಮ ಇರುತ್ತವೆ. ಕೈರಲ್ ವರದಿಯಲ್ಲಿ ಎಸ್ ರೂಪ ಒಂದೆರಡು ಶೇಕಡಾಕ್ಕಿಂತ ಹೆಚ್ಚು ಕಂಡರೆ ವಾದ ಮುಗಿಯಿತು. ಮಾರುವವರು ಬರ್ಗಮಾಟ್‌ಗೆ ಕೈರಲ್ ವರದಿ ಕೊಟ್ಟಿದ್ದರೆ ಅದು ಅವರ ಪರವಾಗಿ ದೊಡ್ಡ ಮಾತು.

ಅಪಾಯ ಬರ್ಗ್ಯಾಪ್ಟೆನ್ ಎಂಬ ಫ್ಯುರಾನೊಕುಮರಿನ್‌ನದು. 5-ಮಿಥಾಕ್ಸಿಸೊರಾಲೆನ್ ಎಂಬುದು ಅದರ ಇನ್ನೊಂದು ಹೆಸರು. ಚರ್ಮದ ಕೋಶಗಳೊಳಗೆ ಸೇರಿ, ಬಿಸಿಲಿನ ಅಲ್ಟ್ರಾವಯಲೆಟ್-ಎ ಕಿರಣ ಬಿದ್ದಾಗ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೆಂಪು, ಗುಳ್ಳೆ ಕಾಣಿಸುವುದು ಒಂದೆರಡು ದಿನ ತಡವಾಗಿ, ಆದ್ದರಿಂದ ಕಾರಣ ಹೊಳೆಯುವುದೇ ಕಷ್ಟ; ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಈ ಕಿರಣ ಕಿಟಕಿಯ ಗಾಜನ್ನೂ ದಾಟುತ್ತದೆ, ಮನೆಯೊಳಗಿದ್ದೇವೆ ಎಂಬ ಧೈರ್ಯ ಸಾಲದು.

ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ, ಚರ್ಮದ ಮೇಲೆ ಹಾಗೆಯೇ ಉಳಿಯುವ ಉತ್ಪನ್ನಗಳಿಗೆ ಹಾಕಿರುವ ಮಿತಿ ಹೀಗಿದೆ: ಬರ್ಗಮಾಟ್ 0.4 ಶೇಕಡಾ, ಹಿಂಡಿದ ಲೈಮ್ 0.7, ಕಹಿ ಕಿತ್ತಳೆ 1.25, ಹಿಂಡಿದ ಲೆಮನ್ 2, ಗ್ರೇಪ್‌ಫ್ರೂಟ್ 4. ಎರಡು ಮೂರು ಬೆರೆಸಿದರೆ ಪ್ರತಿಯೊಂದಕ್ಕೂ ಪೂರ್ತಿ ಮಿತಿ ಸಿಗುವುದಿಲ್ಲ, ಪಾಲುಗಳನ್ನು ಕೂಡಬೇಕು. ಬರ್ಗಮಾಟ್ 0.2 ಹಾಕಿದರೆ ಅರ್ಧ ಮಿತಿ ಮುಗಿಯಿತು, ಹಿಂಡಿದ ಲೈಮ್ 0.35 ಹಾಕಿದರೆ ಉಳಿದರ್ಧವೂ ಮುಗಿಯಿತು. ಆಮೇಲೆ ಲೆಮನ್‌ಗೆ ಜಾಗವಿಲ್ಲ. 100 ಗ್ರಾಂ ಮಸಾಜ್ ಎಣ್ಣೆಗೆ ಬರ್ಗಮಾಟ್ 0.4 ಗ್ರಾಂ, ಅಂದರೆ ಸುಮಾರು 0.45 ಮಿಲಿಲೀಟರ್. ಹನಿ ಎಣಿಸಿ ಅಳೆಯುವುದು ಬೇಡ: ಡ್ರಾಪರ್ ಬದಲಾದಂತೆ ಒಂದು ಮಿಲಿಲೀಟರಿಗೆ 20 ಹನಿಯೂ ಆಗುತ್ತದೆ, 35 ಹನಿಯೂ ಆಗುತ್ತದೆ. ತೂಗಬೇಕು.

ಬರ್ಗ್ಯಾಪ್ಟೆನ್ ತೆಗೆದ ‘ಎಫ್‌ಸಿಎಫ್’ ಬರ್ಗಮಾಟ್ ಸಿಗುತ್ತದೆ. ಮೈಗೆ ಹಚ್ಚುವ ಯಾವುದೇ ಉತ್ಪನ್ನಕ್ಕೆ ನಮ್ಮ ಸಲಹೆ ಅದೇ. ವಾಸನೆಯ ಆಳ ತುಸು ಕಡಿಮೆಯಾಗುತ್ತದೆ ಎಂಬ ದೂರಿನಲ್ಲಿ ಸತ್ಯವಿದೆ, ಆದರೆ ಕಪ್ಪು ಕಲೆಯ ಮುಂದೆ ಅದು ಸಣ್ಣ ದೂರು. ಅಂತಿಮ ಉತ್ಪನ್ನದಲ್ಲಿ ಬರ್ಗ್ಯಾಪ್ಟೆನ್ ದಶಲಕ್ಷಕ್ಕೆ 15 ಪಾಲು ಮೀರಬಾರದು ಎಂಬುದು ಮಿತಿ. ಮಾರುವವರು ಎಫ್‌ಸಿಎಫ್ ಎನ್ನುತ್ತಿದ್ದರೆ ಉಳಿದಿರುವ ಬರ್ಗ್ಯಾಪ್ಟೆನ್ ಎಷ್ಟೆಂಬ ಅಂಕಿ ಕೊಡಬೇಕು.

ವರದಿಯ ಕಾಗದ ಏನು ಹೇಳುವುದಿಲ್ಲ

ಸೆಟ್‌ಗಳ ಜೊತೆ ಬರುವುದು ಜಿಸಿ-ಎಂಎಸ್, ಅಂದರೆ ಗ್ಯಾಸ್ ಕ್ರೊಮಟೊಗ್ರಫಿ-ಮಾಸ್ ಸ್ಪೆಕ್ಟ್ರೊಮೆಟ್ರಿ ವರದಿ. ಅದರಲ್ಲಿ ಆವಿಯಾಗುವ ಘಟಕಗಳು ಮಾತ್ರ ಕಾಣುತ್ತವೆ. ಬರ್ಗ್ಯಾಪ್ಟೆನ್‌ನಂಥ ಭಾರದ ಅಣುಗಳನ್ನು ಸರಿಯಾಗಿ ಅಳೆಯಲು, ಆವಿ ಮಾಡದೆ ದ್ರವದಲ್ಲೇ ಬೇರ್ಪಡಿಸುವ ಎಚ್‌ಪಿಎಲ್‌ಸಿ ವಿಧಾನ ಬೇಕು, ಹಾಗಾಗಿ ಜಿಸಿ ವರದಿಯಲ್ಲಿ ಬರ್ಗ್ಯಾಪ್ಟೆನ್ ಇಲ್ಲವೆಂದು ಎಣ್ಣೆಯಲ್ಲೂ ಇಲ್ಲ ಎನ್ನುವಂತಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಹಳಸಿದ ಎಣ್ಣೆಯಲ್ಲಿ ಅಲರ್ಜಿ ತರುವ ಮುಖ್ಯ ವಸ್ತು ಲಿಮೊನೀನ್ ಹೈಡ್ರೊಪೆರಾಕ್ಸೈಡ್. ಜಿಸಿ ಯಂತ್ರದ ಬಿಸಿ ಇಂಜೆಕ್ಟರ್‌ನಲ್ಲಿ ಅದು ಒಡೆದುಹೋಗುತ್ತದೆ. ವರದಿಯಲ್ಲಿ ಕಾಣುವುದು ಕಾರ್ವೋನ್, ಕಾರ್ವಿಯಾಲ್, ಲಿಮೊನೀನ್ ಆಕ್ಸೈಡ್ ಮಾತ್ರ. ಕಿತ್ತಳೆ ವರದಿಯಲ್ಲಿ ಈ ಮೂರೂ ಸೇರಿ ಅರ್ಧ ಶೇಕಡಾ ದಾಟಿದ್ದರೆ ನಾವು ಆ ಸೀಸೆಯನ್ನು ಚರ್ಮಕ್ಕೆ ಬಳಸುವುದಿಲ್ಲ. ನಿಖರ ಉತ್ತರ ಬೇಕೆಂದರೆ ಪೆರಾಕ್ಸೈಡ್ ವ್ಯಾಲ್ಯೂ ಕೇಳಬೇಕು. ಪೊಟ್ಯಾಸಿಯಮ್ ಅಯೊಡೈಡ್ ಬಳಸಿ ಟೈಟ್ರೇಶನ್ ಮಾಡಿ ಅಳೆಯುವ ಈ ಅಂಕಿ ಲೀಟರಿಗೆ 20 ಮಿಲಿಮೋಲ್ ಮೀರಬಾರದು ಎಂಬುದು ಇಫ್ರಾ ನಿಯಮ. ಕೆಲವರು ಇದನ್ನೇ ಕಿಲೋಗೆ ಮಿಲಿಈಕ್ವಿವಲೆಂಟ್ ಎಂದು ಕೊಡುತ್ತಾರೆ. ಎರಡು ಮಾನಗಳ ಸಂಖ್ಯೆಗಳನ್ನು ನೇರವಾಗಿ ಹೋಲಿಸಬೇಡಿ.

ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ ವರದಿಯ ಮೇಲಿನದಕ್ಕೆ ಹೊಂದದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಐದೇ ಸಾಲುಗಳ ವರದಿಯೂ ಹಾಗೆಯೇ. ಒಳ್ಳೆಯ ವರದಿಯಲ್ಲಿ 0.1 ಶೇಕಡಾದ ಘಟಕಗಳೂ ಹೆಸರಿನೊಡನೆ ಇರುತ್ತವೆ. ಎಣ್ಣೆಯ ಮೂಲಕ ಹಾಯುವ ಧ್ರುವೀಕೃತ ಬೆಳಕು ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಅಂಕಿ, ಅಂದರೆ ಆಪ್ಟಿಕಲ್ ರೊಟೇಶನ್ ಕೊಟ್ಟಿದ್ದರೆ ನೋಡಿ: ಸಿಹಿ ಕಿತ್ತಳೆ +94ರಿಂದ +99, ಲೆಮನ್ +57ರಿಂದ +70, ಬರ್ಗಮಾಟ್ +15ರಿಂದ +32. ಬರ್ಗಮಾಟ್‌ಗೆ ಕಿತ್ತಳೆ ಟರ್ಪೀನ್ ಸುರಿದಿದ್ದರೆ ಈ ಸಂಖ್ಯೆ ಮೇಲಕ್ಕೆ ಓಡುತ್ತದೆ. ವರದಿಯಲ್ಲಿ ಬಿಎಚ್‌ಟಿ ಕಂಡರೆ ಗಾಬರಿ ಬೇಡ, ಅದು ಹಳಸುವುದನ್ನು ತಡೆಯಲು ಹಾಕಿದ್ದು. ಟ್ರೈಈಥೈಲ್ ಸಿಟ್ರೇಟ್ ಅಥವಾ ಡೈಪ್ರೊಪಿಲೀನ್ ಗ್ಲೈಕಾಲ್ ಕಂಡರೆ ಸೀಸೆಯಲ್ಲಿ ತೆಳು ಮಾಡುವ ದ್ರವಕ್ಕೆ ಎಣ್ಣೆಯ ಬೆಲೆ ಕೊಟ್ಟಿದ್ದೀರಿ.

ಇಡುವುದು, ಬಳಸುವುದು

ಸಿಟ್ರಸ್ ಎಣ್ಣೆಯನ್ನು ಕೆಡಿಸುವುದು ಸೀಸೆಯೊಳಗಿನ ಖಾಲಿ ಜಾಗ. ಅರ್ಧ ಮುಗಿದ 10 ಮಿಲಿಲೀಟರ್ ಸೀಸೆಯಲ್ಲಿ ಎಣ್ಣೆಯಷ್ಟೇ ಗಾಳಿ ಇರುತ್ತದೆ, ಪ್ರತಿ ಸಲ ಮುಚ್ಚಳ ತೆಗೆದಾಗಲೂ ಅದು ಹೊಸದಾಗುತ್ತದೆ. 5 ಮಿಲಿಲೀಟರಿನ ಸೀಸೆಗೆ ಕುತ್ತಿಗೆವರೆಗೆ ತುಂಬಿಸಿಟ್ಟರೆ ಅರ್ಧ ಸಮಸ್ಯೆ ಪರಿಹಾರ. ಉಳಿದರ್ಧಕ್ಕೆ ಫ್ರಿಜ್. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬಾರದು, ಇಲ್ಲದಿದ್ದರೆ ಗಾಳಿಯ ತೇವ ಒಳಗೆ ಹನಿಗಟ್ಟಿ ಎಣ್ಣೆ ಮಬ್ಬಾಗುತ್ತದೆ. ತಣ್ಣಗಿಟ್ಟಾಗ ತಳದಲ್ಲಿ ಬಿಳಿ ಗಷ್ಟು ಕಂಡರೆ ಅದು ಮೇಣ, ಕಲಬೆರಕೆಯಲ್ಲ. ಮೇಲಿನ ತಿಳಿಯನ್ನು ಬಸಿದುಕೊಂಡರೆ ಸಾಕು. ತೆರೆದ ಲೆಮನ್, ಮ್ಯಾಂಡರಿನ್ ಚರ್ಮದ ಬಳಕೆಗೆ ಆರು ತಿಂಗಳು, ಕಿತ್ತಳೆ ಒಂದು ವರ್ಷ ಎಂಬುದು ನಮ್ಮ ಅಳತೆ. ಮುಚ್ಚಳದ ಎಳೆಗಳಲ್ಲಿ ಅಂಟು ಕಟ್ಟಿದ್ದರೆ, ವಾಸನೆ ವಾರ್ನಿಷ್ ಕಡೆ ತಿರುಗಿದ್ದರೆ ತಾರೀಕು ನೋಡುವ ಅಗತ್ಯವೇ ಇಲ್ಲ.

ಹಳಸುವುದನ್ನು ತಡೆಯಲು ತೂಕದ 0.1 ಶೇಕಡಾ ಟೋಕೊಫೆರಾಲ್ (ವಿಟಮಿನ್ ಇ) ಸೇರಿಸಬಹುದು. 10 ಮಿಲಿಲೀಟರ್ ಕಿತ್ತಳೆ ಎಣ್ಣೆಗೆ ಅದು 8.5 ಮಿಲಿಗ್ರಾಂ, ಒಂದು ಹನಿಗಿಂತಲೂ ಕಡಿಮೆ, ನೇರವಾಗಿ ಅಳೆಯಲಾಗದು. 1 ಗ್ರಾಂ ಟೋಕೊಫೆರಾಲನ್ನು 9 ಗ್ರಾಂ ಕಿತ್ತಳೆ ಎಣ್ಣೆಯಲ್ಲಿ ಕರಗಿಸಿಟ್ಟುಕೊಂಡು, ಆ ದ್ರಾವಣದ 0.085 ಗ್ರಾಂ ಹಾಕಬೇಕು. ಸೀಸೆ ಹೊಸದಿದ್ದಾಗಲೇ ಹಾಕಬೇಕು, ಆಗಲೇ ಹುಟ್ಟಿದ ಪೆರಾಕ್ಸೈಡನ್ನು ಇದು ಹಿಂದಕ್ಕೆ ತಿರುಗಿಸುವುದಿಲ್ಲ.

ಡ್ರಾಪರಿನ ರಬ್ಬರ್ ಬಲ್ಬ್ ಸೀಸೆಯ ಮೇಲೆಯೇ ಬಿಟ್ಟರೆ ಆವಿಯಲ್ಲೇ ಉಬ್ಬಿ ಮೆತ್ತಗಾಗಿ ಎಣ್ಣೆಯೊಳಗೆ ಕರಗುತ್ತದೆ. ಲಿಮೊನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಥರ್ಮಾಕೋಲ್ ಲೋಟದಲ್ಲಿ ಈ ಎಣ್ಣೆ ಬೆರೆಸಲು ಹೋದರೆ ತಳವೇ ಇರುವುದಿಲ್ಲ. ಅಗ್ಗದ ಡಿಫ್ಯೂಸರ್‌ಗಳ ಪಾರದರ್ಶಕ ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಡುವುದೂ ಇದೇ ಕಾರಣಕ್ಕೆ. ಡಿಫ್ಯೂಸರ್ ಬಳಸುವಾಗ ಕಿಟಕಿ ತೆರೆದಿರಲಿ, ಓಝೋನ್ ಬಿಡುವ ಏರ್ ಪ್ಯೂರಿಫೈಯರ್ ಹತ್ತಿರ ಬೇಡ. ಓಝೋನ್ ಜೊತೆ ಲಿಮೊನೀನ್ ಕೂಡಿದರೆ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಎಣ್ಣೆಯ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಬಲ್ಲ ಉಷ್ಣತೆ, 48 ಡಿಗ್ರಿಯ ಆಸುಪಾಸು ಇರುವುದರಿಂದ ಒಲೆಯ ಹತ್ತಿರವೂ ಬೇಡ.

ಸೋಪಿನಲ್ಲಿ ಸಿಟ್ರಸ್ ಪರಿಮಳ ನಿಲ್ಲುವುದಿಲ್ಲ ಎಂಬ ದೂರು ಹಳೆಯದು. ಕಾರಣ ಎರಡು. ಲಿಮೊನೀನ್ ಹಗುರ, ಸೋಪು ಒಣಗುವ ವಾರಗಳಲ್ಲಿ ಹಾರಿಹೋಗುತ್ತದೆ. ಕಾಸ್ಟಿಕ್ ಸೋಡಾ ಬರ್ಗಮಾಟ್‌ನ ಲಿನಾಲಿಲ್ ಅಸಿಟೇಟನ್ನು ಒಡೆಯುತ್ತದೆ, ಅಲ್ಡಿಹೈಡ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಕಾಸ್ಟಿಕ್ ಇನ್ನೂ ಉಳಿದಿರುವಾಗಲೇ ಬರ್ಗಮಾಟ್ ಹಾಕಿದ ಕೋಲ್ಡ್ ಪ್ರೊಸೆಸ್ ಸೋಪು ದುಡ್ಡನ್ನು ನೀರಿಗೆ ಸುರಿದಂತೆ. ಐದು ಪಟ್ಟಿನ ಕಿತ್ತಳೆ ಎಣ್ಣೆ ಸ್ವಲ್ಪ ಮೇಲು. ಕಾಸ್ಟಿಕ್ ಮುಗಿದ ಮೇಲೆ ಪರಿಮಳ ಹಾಕುವ ಹಾಟ್ ಪ್ರೊಸೆಸ್ ಇನ್ನೂ ಮೇಲು. ಸ್ನಾನದ ನೀರಿಗೆ ಹನಿ ಹಾಕುವುದು ಯಾವ ಸಿಟ್ರಸ್ ಎಣ್ಣೆಗೂ ಸಲ್ಲದು. ಅದು ಕರಗದೆ ಮೇಲೆ ತೇಲಿ, ತೆಳು ಮಾಡದ ಎಣ್ಣೆಯೇ ನೇರವಾಗಿ ಚರ್ಮಕ್ಕೆ ಹತ್ತುತ್ತದೆ. ಕುಡಿಯುವುದಂತೂ ಬೇಡವೇ ಬೇಡ. ತೆಳು ದ್ರವವಾದ್ದರಿಂದ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಮಕ್ಕಳ ವಿಷಯದಲ್ಲಿ ಇದು ಪ್ರಾಣಾಂತಿಕವಾಗಬಹುದು. ನುಂಗಿದವರಿಗೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಳಸಿದ ಸೀಸೆಗಳನ್ನು ಚೆಲ್ಲಬೇಕಿಲ್ಲ. ಗಾಜಿನ ಮೇಲಿನ ಸ್ಟಿಕ್ಕರಿನ ಗೋಂದು, ಲೋಹದ ಮೇಲಿನ ಗ್ರೀಸ್ ಬಿಡಿಸಲು ವಾಸನೆ ಸತ್ತ ಕಿತ್ತಳೆ ಎಣ್ಣೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಲೇಟೆಕ್ಸ್‌ನದು ಉಬ್ಬುತ್ತದೆ. ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆಯಿರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ತುರುಕದೆ ಹೊರಗೆ ಹರವಿ ಪೂರ್ತಿ ಒಣಗಿಸಿ ಎಸೆಯಿರಿ.